ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ

(ಬೆಂಗಳೂರಿನ ಜೆ.ಪಿ. ನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಸಿನಿಮಾ ನೋಡುವ ನಮ್ಮ ಸಣ್ಣ ಬಳಗದ ಮುಂದೆ ನಿರ್ದೇಶಕ ಶಂಕರ್ ನಾಗ್ ಬಗ್ಗೆ ಆಡಿದ ಮಾತು. ಬರೆಯುವಾಗ ಹಿಂದುಮುಂದಾದ ಕಡೆ ಸ್ವಲ್ಪ ಸರಿಮಾಡಿದ್ದೇನೆ. ಉಳಿದದ್ದು ಆಡಿದ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ಎರಡು ಕುರ್ಚಿ ಖಾಲಿ ಇವೆ.

ಈಗ ಇಲ್ಲಿಗೆ ಬಂದ ಆಟೊದ ಹಿಂದೆಯೂ ಶಂಕರ್ ನಾಗ್ ಚಿತ್ರ ಇತ್ತು. ಡ್ರೈವರ್‌ಗೆ ಇಪ್ಪತ್ತೈದು ವಯಸ್ಸಿರಬಹುದು. ಅಂದರೆ ಶಂಕರ್ ತೀರಿಕೊಂಡು ಎಷ್ಟೋ ವರ್ಷ ಆದಮೇಲೆ ಹುಟ್ಟಿದ ಹುಡುಗ. ಅವರ ಯಾವ ಸಿನಿಮಾ ನೋಡಿದ್ದೀಯಪ್ಪಾ ಅಂತ ಕೇಳಿದೆ. ‘ಆಟೋ ರಾಜ, ಸಾಂಗ್ಲಿಯಾನ’ ಅಂದ. ಅವರು ನಿರ್ದೇಶನ ಮಾಡಿದ್ದು ಯಾವುದಾದರೂ ನೋಡಿದ್ದೀಯಾ ಅಂದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿದ. ‘ಮೇಡಂ, ಅವ್ರು ಎಲ್ಲಾ ಮಾಡವ್ರೆ’ ಅಂದ.

ತಪ್ಪೇನಿಲ್ಲ. ಎಲ್ಲಾ ಮಾಡಿದ್ದಾರೆ. ಆದರೆ ಈ ‘ಎಲ್ಲಾ’ದ ಗದ್ದಲದಲ್ಲಿ ನಿರ್ದೇಶಕ ಶಂಕರ್ ನಾಗ್ ನಮಗೆ ಕಾಣದೇ ಹೋಗಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಮೆಟ್ರೊ ಕನಸು, ನಂದಿ ಬೆಟ್ಟದ ರೋಪ್‌ವೇ, ಇವೆಲ್ಲ ನಿಮ್ಮ ವಾಟ್ಸಾಪ್‌ಗೆ ಪ್ರತಿ ವರ್ಷ ನವೆಂಬರ್ 9ಕ್ಕೊಮ್ಮೆ, ಸೆಪ್ಟೆಂಬರ್ 30ಕ್ಕೊಮ್ಮೆ ಬರುತ್ತವೆ. ಹುಟ್ಟಿದ ದಿನ ಒಂದು, ತೀರಿಕೊಂಡ ದಿನ ಒಂದು. ಇವತ್ತು ಅದನ್ನೆಲ್ಲ ಬದಿಗಿಡುತ್ತೇನೆ. ಕ್ಯಾಮೆರಾದ ಹಿಂದೆ ನಿಂತ ಮನುಷ್ಯ ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಅನ್ನುವುದಷ್ಟೇ ಇವತ್ತಿನ ಮಾತು.

ಮೊದಲು ನಮ್ಮ ವಠಾರಕ್ಕೆ ಹೋಗೋಣ.

ನಾನು ಬೆಳೆದದ್ದು ಗವಿಪುರದಲ್ಲಿ. ಆರು ಮನೆ, ಒಂದು ಬಾವಿ, ಒಂದೇ ಒಂದು ಟೀವಿ. ಟೀವಿ ಓನರ್ ಮನೆಯಲ್ಲಿತ್ತು. ಕಪ್ಪು ಬಿಳುಪು. ಮರದ ಶಟರ್ ಎಳೆದು ಬೀಗ ಹಾಕುವಂಥದ್ದು. ಶಂಕರ್ ನಿರ್ದೇಶಿಸಿದ ಹಿಂದಿ ಧಾರಾವಾಹಿ ‘ಮಾಲ್ಗುಡಿ ಡೇಸ್’ ಬರುವ ಹೊತ್ತಿಗೆ ನಾವು ಮಕ್ಕಳೆಲ್ಲ ನೆಲದ ಮೇಲೆ, ದೊಡ್ಡವರು ಬಾಗಿಲಲ್ಲಿ. ನಮ್ಮ ಅಜ್ಜಿಗೆ ಮಾತ್ರ ಒಂದು ಮಣೆ.

ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಒಂದು ಕಂತನ್ನೂ ಬಿಡುತ್ತಿರಲಿಲ್ಲ. ಅದರಲ್ಲಿನ ಹುಡುಗ ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್ ಬಂದು ಕೂತರೆ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ನಿಜವಾಗಿ ಯಾರೋ ಯಜಮಾನರು ಒಳಗೆ ಬಂದ ಹಾಗೆ. ಒಂದು ದಿನ ನನ್ನ ಕಡೆ ತಿರುಗಿ ಕೇಳಿದಳು: ‘ಇವರೆಲ್ಲ ನಮ್ಮವರೇ ಅಲ್ವೇನೇ? ಮತ್ಯಾಕೆ ಹಿಂದೀಲಿ ಮಾತಾಡ್ತಾರೆ?’

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಮೂವತ್ತು ವರ್ಷ ಬೇಕಾಯಿತು. ಇವತ್ತಿನ ನನ್ನ ಮಾತೆಲ್ಲ ಆ ಉತ್ತರವೇ.

ಶಂಕರ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆ. ಮನೆಯ ಮಾತು ಕೊಂಕಣಿ. ಬೆಳೆದು ಮುಂಬೈಗೆ ಹೋದರು. ಕೆಲಕಾಲ ಬ್ಯಾಂಕ್ ನೌಕರಿ, ಸಂಜೆಗೆ ಮರಾಠಿ ನಾಟಕ. ಅಣ್ಣ ಅನಂತ್ ನಾಗ್ ಅಷ್ಟರಲ್ಲಿ ಸಿನಿಮಾಕ್ಕೆ ಬಂದಾಗಿತ್ತು. ಬಾಳ ಸಂಗಾತಿ ಅರುಂಧತಿ ಸಿಕ್ಕಿದ್ದೂ ಅಲ್ಲಿನ ರಂಗಭೂಮಿಯಲ್ಲೇ. ‘22 ಜೂನ್ 1897’ ಅನ್ನುವ ಮರಾಠಿ ಚಿತ್ರದ ಚಿತ್ರಕಥೆ ಬರೆದವರಲ್ಲಿ ಶಂಕರ್ ಹೆಸರೂ ಇದೆ. ಅಂದರೆ ಕನ್ನಡದಲ್ಲಿ ಒಂದು ಸಿನಿಮಾ ನಿರ್ದೇಶಿಸುವ ಮೊದಲೇ ಈ ಹುಡುಗ ಕೊಂಕಣಿಯಲ್ಲಿ ಉಂಡು, ಮರಾಠಿಯಲ್ಲಿ ನಾಟಕ ಆಡಿ, ಮರಾಠಿಗೇ ಚಿತ್ರಕಥೆ ಬರೆದಿದ್ದ. ಭಾಷೆ ಅವರಿಗೆ ಗೋಡೆ ಆಗಿರಲೇ ಇಲ್ಲ. ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಉಳಿದರ್ಧ ನಾಟಕದ ತಂಡದಲ್ಲಿದೆ.

1978ರಲ್ಲಿ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಬಾಡಿಗೆ ಯೋಧ ಗಂಡುಗಲಿಯ ಪಾತ್ರಕ್ಕೆ ಶಂಕರ್ ಬಂದರು. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಮೊದಲ ಚಿತ್ರಕ್ಕೇ ಅಂಥ ಪ್ರಶಸ್ತಿ ಬಂದರೆ ಬೇರೆ ಯಾರಾದರೂ ಏನು ಮಾಡುತ್ತಿದ್ದರು? ನಟನಾಗಿ ನೆಲೆಯೂರುತ್ತಿದ್ದರು. ಇವರೂ ನಟಿಸಿದರು. ಹನ್ನೆರಡು ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರ. ಆದರೆ ಬೆಂಗಳೂರಿಗೆ ಬಂದು ಅರುಂಧತಿ ಜೊತೆ ‘ಸಂಕೇತ್’ ಅನ್ನುವ ನಾಟಕ ತಂಡವನ್ನೂ ಕಟ್ಟಿದರು. ‘ಅಂಜುಮಲ್ಲಿಗೆ’, ‘ಬ್ಯಾರಿಸ್ಟರ್’, ‘ಸಂಧ್ಯಾಛಾಯಾ’ ಆಡಿದರು. ಹಗಲು ಫೈಟಿಂಗ್, ಸಂಜೆ ರಿಹರ್ಸಲ್.

ನಾಟಕ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಹಾಂ, ಇಬ್ಬರು ಕೈ ಎತ್ತಿದಿರಿ. ನಿಮಗೆ ಗೊತ್ತಿರುತ್ತದೆ. ಹವ್ಯಾಸಿ ತಂಡದಲ್ಲಿ ಇವತ್ತು ರಾಜ ಆದವನು ನಾಳೆ ಪರದೆ ಎಳೆಯುತ್ತಾನೆ. ಮೇಕಪ್ ಮಾಡಿದವಳೇ ಟೀ ತರುತ್ತಾಳೆ. ಯಾರಿಗೆ ಯಾವ ಪಾತ್ರ ಒಪ್ಪುತ್ತದೆ ಅನ್ನುವುದು ನಿರ್ದೇಶಕನಿಗೆ ವರ್ಷಗಟ್ಟಲೆ ಜೊತೆಗಿದ್ದು ತಿಳಿಯುತ್ತದೆ, ಫೋಟೊ ನೋಡಿ ಅಲ್ಲ. ಶಂಕರ್ ಈ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಸಿನಿಮಾಕ್ಕೆ ತಂದರು. ಅವರು ಸಿನಿಮಾ ಮಾಡಿದ್ದು ನಾಟಕ ತಂಡದ ಹಾಗೆ. ನನ್ನ ವಾದ ಇಷ್ಟೇ.

‘ಮಿಂಚಿನ ಓಟ’ ನೋಡಿ. 1980. ಮೊದಲ ನಿರ್ದೇಶನ. ಕಾರು ಕದಿಯುವ ಹುಡುಗರು, ಜೈಲು, ಅಲ್ಲಿಂದ ತಪ್ಪಿಸಿಕೊಳ್ಳುವ ಯತ್ನ. ಅಣ್ಣ ಅನಂತ್ ಇದ್ದಾರೆ, ರಂಗಭೂಮಿಯಿಂದ ಬಂದ ರಮೇಶ್ ಭಟ್ ಇದ್ದಾರೆ, ಲೋಕನಾಥ್ ಇದ್ದಾರೆ. ಲೋಕನಾಥ್ ಅಂದರೆ ಯಾರು ಅಂತ ಚಿಕ್ಕವರಿಗೆ ಹೇಳಬೇಕು. ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಉಪ್ಪಿನಕಾಯಿ ನೆಕ್ಕಿದ ಆ ಮನುಷ್ಯ. ಆ ಒಂದು ದೃಶ್ಯದಿಂದ ಅವರಿಗೆ ‘ಉಪ್ಪಿನಕಾಯಿ ಲೋಕನಾಥ್’ ಅಂತಲೇ ಹೆಸರಾಯಿತು. ನಮ್ಮ ಚಿತ್ರರಂಗ ಒಬ್ಬರನ್ನು ಹೀಗೆ ಒಂದು ಜಾಡಿಯೊಳಗೆ ಹಾಕಿ ಮುಚ್ಚಳ ಮುಚ್ಚಿಬಿಡುತ್ತದೆ. ಶಂಕರ್ ಮುಚ್ಚಳ ತೆಗೆದರು. ಆ ಜೈಲಿನೊಳಗೆ ಲೋಕನಾಥ್ ಮುಖ ನೋಡಿ. ನಗಿಸುವ ಮುಖವೇ, ಆದರೆ ನಗು ಬರುವುದಿಲ್ಲ.

ಇನ್ನೊಂದು ಮಾತು. ಜೈಲಿನಿಂದ ಓಡುವ ಕಥೆ ಅಂದಮೇಲೆ ಓಟವೇ ಜಾಸ್ತಿ ಇರಬೇಕಲ್ಲ? ಈ ಚಿತ್ರದಲ್ಲಿ ನನ್ನ ನೆನಪಲ್ಲಿ ಉಳಿಯುವುದು ಕಾಯುವುದು. ಸುಮ್ನೆ ಕೂತಿರುವುದು. ಹೊರಗೆ ಜನ ಇವರನ್ನು ‘ಅವಸರದ ಮನುಷ್ಯ’ ಅನ್ನುತ್ತಾರೆ. ಕಾಯುವುದನ್ನು ಇಷ್ಟು ಚೆನ್ನಾಗಿ ತೋರಿಸಿದವರನ್ನು ಅವಸರದವರು ಅಂತ ಹೇಗೆ ಒಪ್ಪುವುದು, ನೀವೇ ಹೇಳಿ.

ಅದೇ ವರ್ಷ ‘ಜನ್ಮ ಜನ್ಮದ ಅನುಬಂಧ’, ಮರುವರ್ಷ ‘ಗೀತಾ’. ಎರಡಕ್ಕೂ ಇಳಯರಾಜ ಸಂಗೀತ. ‘ಜೊತೆಯಲಿ ಜೊತೆಜೊತೆಯಲಿ’ ಈಗಲೂ ಮದುವೆ ಆರ್ಕೆಸ್ಟ್ರಾದಲ್ಲಿ ತಪ್ಪುವುದಿಲ್ಲ. ‘ಗೀತಾ’ ಬಗ್ಗೆ ನನಗೆ ಹೆಚ್ಚು ಹೇಳಲು ಇಲ್ಲ. ಹಾಡು ತೆಗೆದರೆ ಅದು ಆ ಕಾಲದ ಒಂದು ಅಳುವ ಪ್ರೇಮಕಥೆ. ಬೈಯಬೇಡಿ. ಹಾಡು ತೆಗೆಯಲು ಸಾಧ್ಯವೂ ಇಲ್ಲ ಅನ್ನಿ.

‘ಆಕ್ಸಿಡೆಂಟ್’ ಮಾತ್ರ ಬೇರೆಯೇ. ಅದರ ಬಗ್ಗೆ ನಿಧಾನವಾಗಿ ಮಾತಾಡಬೇಕು.

1984ರ ಸುಮಾರಿನ ಚಿತ್ರ. ಇತರ ಸಾಮಾಜಿಕ ವಿಷಯಗಳ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಪಡೆದದ್ದು. ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಹರಿಸುತ್ತಾನೆ. ಅಪ್ಪ ಅದನ್ನು ಮುಚ್ಚಿಹಾಕಲು ಹೊರಡುತ್ತಾನೆ. ಚುನಾವಣೆ ಹತ್ತಿರ ಇದೆ. ಒಬ್ಬ ಪತ್ರಕರ್ತ ಬೆನ್ನು ಹತ್ತುತ್ತಾನೆ.

ಪಾತ್ರ ಹಂಚಿದ್ದು ನೋಡಿ. ಆ ಹೊತ್ತಿಗೆ ಅನಂತ್ ನಾಗ್ ಅಂದರೆ ಮನೆಮನೆಯ ಹೆಣ್ಣುಮಕ್ಕಳ ಕಣ್ಮಣಿ. ನಮ್ಮ ವಠಾರದ ಇಬ್ಬರು ಅಕ್ಕಂದಿರು ಅವರ ಫೋಟೊವನ್ನು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದರು. ಅಂಥ ಅಣ್ಣನಿಗೆ ತಮ್ಮ ಕೊಟ್ಟದ್ದು ರಾಜಕಾರಣಿ ಧರ್ಮಾಧಿಕಾರಿಯ ಪಾತ್ರ. ಆ ಚೆಂದದ ನಗು ಹಾಗೇ ಇದೆ. ಅದೇ ನಗುವಿನಲ್ಲಿ ಅವರು ಸಾಕ್ಷಿ ಅಳಿಸುವ ಮಾತಾಡುತ್ತಾರೆ. ಕೆಟ್ಟವನಿಗೆ ಕೆಂಪು ಕಣ್ಣು, ದಪ್ಪ ಮೀಸೆ ಇರಲೇಬೇಕು ಅಂತ ನಂಬಿದ್ದ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಬದುಕುಳಿದ ಬಡವನ ಪಾತ್ರ ರಮೇಶ್ ಭಟ್ ಅವರದು. ಶಂಕರ್ ತಮಗೆ ಇಟ್ಟುಕೊಂಡದ್ದು ಪತ್ರಕರ್ತನ ಪಾತ್ರ. ಕಥೆಯಲ್ಲಿ ಅವನ ಕೆಲಸ ಹೆಚ್ಚಾಗಿ ನೋಡುವುದು, ಕೇಳುವುದು. ತೆರೆ ಮೇಲೆ ಹತ್ತು ಜನರನ್ನು ಹೊಡೆದುರುಳಿಸುವ ‘ಕರಾಟೆ ಕಿಂಗ್’, ತಾವೇ ನಿರ್ದೇಶಿಸಿದ ಚಿತ್ರದಲ್ಲಿ ನೋಟ್‌ಬುಕ್ ಹಿಡಿದು ಓಡಾಡುತ್ತಾರೆ.

ಹಾಡಿನ ಇಳಯರಾಜರನ್ನೂ ಇಲ್ಲಿ ಹಿನ್ನೆಲೆಗೆ ಕೂರಿಸಿದ್ದಾರೆ. ಫುಟ್‌ಪಾತ್ ಅಂತೂ ಬೆಂಗಳೂರಿನದು, ನಾವು ದಿನಾ ದಾಟುವಂಥದ್ದು. ಈಗ ನೋಡಿದರೂ ಪತ್ರಿಕೆಯ ಮೂರನೇ ಪುಟ ಓದಿದ ಹಾಗೆ ಇರುತ್ತದೆ.

ರಸ್ತೆ ಅಪಘಾತದ ಚಿತ್ರ ಮಾಡಿದವರು ರಸ್ತೆ ಅಪಘಾತದಲ್ಲೇ ಹೋದರು ಅಂತ ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು, ವಯಸ್ಸು 35. ಅದು ವಿಧಿಯ ಕಥೆ ಅಲ್ಲ. ನಮ್ಮ ಹೆದ್ದಾರಿಯ ಕಥೆ.

ಈಗ ಮಾಲ್ಗುಡಿ.

ನಿರ್ಮಾಪಕ ಟಿ.ಎಸ್. ನರಸಿಂಹನ್. ಮಾಲ್ಗುಡಿ ಅನ್ನುವ ಕಲ್ಪನೆಯ ಊರಿನ ಬಗ್ಗೆ ಆರ್.ಕೆ. ನಾರಾಯಣ್ ಬರೆದ ಕಥೆಗಳು. ಗೆರೆಚಿತ್ರ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರದು. ಸಂಗೀತ ಎಲ್. ವೈದ್ಯನಾಥನ್. ಆ ‘ತಾನನ ತಾನನಾನ’ ಇಲ್ಲಿ ಯಾರೂ ಗುನುಗಬೇಡಿ, ಒಬ್ಬರು ಶುರುಮಾಡಿದರೆ ಎಲ್ಲರೂ ಮಾಡುತ್ತೀರಿ, ಆಮೇಲೆ ನನ್ನ ಮಾತು ಯಾರೂ ಕೇಳುವುದಿಲ್ಲ. ಕ್ಯಾಮೆರಾ ಎಸ್. ರಾಮಚಂದ್ರ ಅವರದು, ‘ಘಟಶ್ರಾದ್ಧ’ವನ್ನು ಚಿತ್ರಿಸಿದವರು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು. ಶಂಕರ್ ಒಟ್ಟು 39 ಕಂತು ಮಾಡಿದರು. ಮೊದಲ 13 ಕಂತುಗಳು ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ, ಆಮೇಲಿನವು ಹಿಂದಿಯಲ್ಲಿ. ಬಹಳ ವರ್ಷಗಳ ಮೇಲೆ, 2006ರಲ್ಲಿ, ಇನ್ನೂ 15 ಕಂತುಗಳನ್ನು ಕವಿತಾ ಲಂಕೇಶ್ ಮಾಡಿದರು.

ಮಲ್ಲೇಶ್ವರ ಮತ್ತು ಬಸವನಗುಡಿ ಸೇರಿ ಮಾಲ್ಗುಡಿ ಆಯಿತು ಅಂತ ಬೆಂಗಳೂರಿನವರು ಹೇಳಿಕೊಳ್ಳುತ್ತೇವೆ. ನಾನು ಆ ಕಡೆಯವಳೇ, ಹಾಗಾಗಿ ನಾನೂ ಹೇಳುತ್ತೇನೆ. ಆಧಾರ ಮಾತ್ರ ಕೇಳಬೇಡಿ. ಶಂಕರ್ ಅಂತೂ ಬಸವನಗುಡಿಗೆ ಬರಲಿಲ್ಲ, ಆಗುಂಬೆಗೆ ಹೋದರು. ಇದು ವಿಚಿತ್ರ ಆಯ್ಕೆ. ನಾರಾಯಣ್ ಅವರ ಮಾಲ್ಗುಡಿ ಬಿಸಿಲಿನ ಊರು, ಧೂಳಿನ ಬೀದಿ, ಬೇಸಿಗೆಯಲ್ಲಿ ಸೊರಗುವ ನದಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಆದರೆ ಅಲ್ಲಿ ದೊಡ್ಡಮನೆ ಇತ್ತು, ಜಗಲಿ ಇತ್ತು, ಹೆಂಚಿನ ಸಾಲು ಇತ್ತು. ವಿದ್ಯುತ್ ಕಂಬವನ್ನು ಮರೆಮಾಚಿದರೆ ಮೂವತ್ತರ ದಶಕ ಸಿಗುತ್ತಿತ್ತು. ರೈಲಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ. ಈಗ ಅಲ್ಲಿ ರೈಲ್ವೆಯವರು ಮಾಲ್ಗುಡಿ ಹೆಸರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಅದನ್ನು ಸಜ್ಜು ಮಾಡಿದವರೂ ಅದೇ ಜಾನ್ ದೇವರಾಜ್. ತಂಡದವರು ಮೂವತ್ತು ವರ್ಷ ಬಿಟ್ಟು ಮತ್ತೆ ಕೆಲಸಕ್ಕೆ ಬಂದ ಹಾಗೆ!

ಪಾತ್ರವರ್ಗಕ್ಕೆ ಬರೋಣ. ಸ್ವಾಮಿ ಮಾಸ್ಟರ್ ಮಂಜುನಾಥ್. ಅಮ್ಮ ವೈಶಾಲಿ ಕಾಸರವಳ್ಳಿ. ಅಪ್ಪ ಗಿರೀಶ್ ಕಾರ್ನಾಡ್. 1978ರಲ್ಲಿ ಕಾರ್ನಾಡರು ನಿರ್ದೇಶಕ, ಶಂಕರ್ ನಟ. ಎಂಟು ವರ್ಷಕ್ಕೆ ಶಂಕರ್ ನಿರ್ದೇಶಕ, ಕಾರ್ನಾಡರು ನಟ. ರಾಜ ಆದವನು ಪರದೆ ಎಳೆಯುತ್ತಾನೆ ಅಂದೆನಲ್ಲ, ಇದೇ ಅದು. ಮಿಠಾಯಿ ಮಾರುವವನ ಕಥೆಯಲ್ಲಿ ಅನಂತ್. ಇನ್ನೊಂದು ಕಂತಿನಲ್ಲಿ ವಿಷ್ಣುವರ್ಧನ್. ಅವರು ಆಗ ಎಂಥ ಸ್ಟಾರ್ ಅಂತ ನಿಮಗೆ ಗೊತ್ತು. ಇಲ್ಲಿ ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತ. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟು, ಆಫೀಸಿನಿಂದ ಹೊರಗೆ ಬರಲಾಗದ ಅಪ್ಪ. ಆ ಕಂತು ನೋಡಿ ನಮ್ಮಪ್ಪ ಎದ್ದು ಹೊರಗೆ ಹೋದರು. ಅವರೂ ಗುಮಾಸ್ತರೇ.

ಆದರೆ ನಾನು ನಿಮಗೆ ತೋರಿಸಬೇಕು ಅಂತಿರುವುದು ದೊಡ್ಡ ಹೆಸರುಗಳನ್ನಲ್ಲ. ಅಂಗಡಿಯವನು, ಮೇಷ್ಟ್ರು, ಜವಾನ, ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುವ ಮುದುಕ, ಇಂಥವರನ್ನು ನೋಡಿ. ಎರಡು ನಿಮಿಷ ಬಂದು ಹೋಗುತ್ತಾರೆ. ಒಬ್ಬರೂ ‘ನಟಿಸು’ವುದಿಲ್ಲ. ಅರ್ಧ ಗಂಟೆಯ ಕಂತಿನಲ್ಲಿ ಒಂದು ಪಾತ್ರವನ್ನು ಪರಿಚಯ ಮಾಡಿಸಲು ಸಮಯ ಎಲ್ಲಿದೆ? ಆ ಮನುಷ್ಯ ಚೌಕಟ್ಟಿನೊಳಗೆ ಕಾಲಿಟ್ಟ ತಕ್ಷಣ ಅವನ ಹಿಂದೆ ಒಂದು ಬದುಕು ಇದೆ ಅನ್ನಿಸಬೇಕು. ಅದು ಬರುವುದು ವರ್ಷಗಟ್ಟಲೆ ನಾಟಕ ಆಡಿದ ಮೈಗೆ. ಎಂಬತ್ತರ ದಶಕದ ಕನ್ನಡ ಹವ್ಯಾಸಿ ರಂಗಭೂಮಿಯ ಹಾಜರಿ ಪುಸ್ತಕ ಎಲ್ಲಿದೆ ಅಂತ ಯಾರಾದರೂ ಕೇಳಿದರೆ, ನಾನು ‘ಮಾಲ್ಗುಡಿ ಡೇಸ್’ ತೋರಿಸುತ್ತೇನೆ.

ಅವರ ಹಿಂದಿಯಲ್ಲಿ ಕನ್ನಡದ ಎಳೆ ಕೇಳಿಸುತ್ತದೆ. ಅದನ್ನು ತಿದ್ದಿ ದೆಹಲಿಯ ಹಿಂದಿ ಮಾಡಬಹುದಿತ್ತು. ಮಾಡದೇ ಇದ್ದದ್ದು ಒಳ್ಳೆಯದಾಯಿತು. ಪಂಚೆ ಉಟ್ಟ ರೀತಿ, ಲೋಟ ಎತ್ತಿ ಕಾಫಿ ಕುಡಿಯುವ ರೀತಿ, ಅಪ್ಪ ಬಂದರೆ ಮಗ ಎದ್ದು ನಿಲ್ಲುವ ರೀತಿ, ಇವೆಲ್ಲ ಕನ್ನಡದಲ್ಲೇ ಇವೆ. ಮಾತು ಮಾತ್ರ ಹಿಂದಿ. ಅಜ್ಜಿ ನೋಡುತ್ತಿದ್ದದ್ದು ಮಾತನ್ನಲ್ಲ. ‘ಇವರೆಲ್ಲ ನಮ್ಮವರೇ’ ಅಂದದ್ದು ಅದಕ್ಕೇ.

ಎಲ್ಲವೂ ಗೆದ್ದಿತು ಅಂತ ನಾನು ಹೇಳುವುದಿಲ್ಲ. 1987ರ ‘ಒಂದು ಮುತ್ತಿನ ಕಥೆ’ ತೆಗೆದುಕೊಳ್ಳಿ. ಅಮೆರಿಕದ ಸ್ಟೈನ್‌ಬೆಕ್ ಬರೆದ ಕಿರು ಕಾದಂಬರಿಯ ಕಥೆ, ಡಾ. ರಾಜ್‌ಕುಮಾರ್ ನಾಯಕ, ನೀರಿನಾಳದಲ್ಲಿ ಚಿತ್ರೀಕರಣ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಥಿಯೇಟರಿನಲ್ಲಿ ಅಷ್ಟಾಗಿ ನಡೆಯಲಿಲ್ಲ. ನನ್ನ ಲೆಕ್ಕ ಹೀಗಿದೆ: ರಾಜ್‌ಕುಮಾರ್ ಬಂದರೆ ಅವರೊಬ್ಬರೇ ಒಂದು ತಂಡ. ಅವರ ಸುತ್ತ ಚಿತ್ರ ತಿರುಗಬೇಕು. ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸುವ ಶಂಕರ್ ಪದ್ಧತಿಗೆ ಅಲ್ಲಿ ಜಾಗ ಸಾಲಲಿಲ್ಲ. ಜನ ಹಾಡುವ, ಗೆಲ್ಲುವ ಅಣ್ಣಾವ್ರನ್ನು ನೋಡಲು ಬಂದಿದ್ದರು. ತೆರೆಯ ಮೇಲೆ ಮುತ್ತೊಂದು ಸಿಕ್ಕು ಬದುಕು ಕೆಡಿಸಿಕೊಳ್ಳುವ ಬಡ ಮೀನುಗಾರ ಇದ್ದ. ನಿಮ್ಮ ಅಭಿಪ್ರಾಯ ಬೇರೆ ಇರಬಹುದು, ಟೀ ಕುಡಿಯುವಾಗ ಜಗಳ ಆಡೋಣ.

ಸಂಕೇತ್ ಹೆಸರಲ್ಲೇ ಅವರು ರೆಕಾರ್ಡಿಂಗ್ ಸ್ಟುಡಿಯೋ ಮಾಡಿದ್ದನ್ನೂ ಇಲ್ಲಿ ಸೇರಿಸಬೇಕು. ಆಗ ಧ್ವನಿಯ ಕೆಲಸಕ್ಕೆ ನಮ್ಮವರು ಮದ್ರಾಸಿನ ರೈಲು ಹತ್ತಬೇಕಿತ್ತು. ತಂಡ ಒಂದೇ ಊರಲ್ಲಿ ಇರಬೇಕು ಅಂದರೆ ಕೆಲಸವೂ ಅದೇ ಊರಲ್ಲಿ ಆಗಬೇಕಲ್ಲವೇ? ಇದನ್ನು ದೂರದೃಷ್ಟಿ ಅಂತ ಹೊಗಳುತ್ತಾರೆ. ನನಗೆ ಇದು ತಂಡ ನಡೆಸುವವನ ಮನೆಲೆಕ್ಕದ ಹಾಗೆ ಕಾಣುತ್ತದೆ.

ಅವರು ಹೋದಮೇಲೆ ಅರುಂಧತಿ ನಾಗ್ ಹಠ ಹಿಡಿದು ಕಟ್ಟಿದ ರಂಗಶಂಕರ ಇಲ್ಲೇ, ನಡೆದು ಹೋಗುವಷ್ಟು ಹತ್ತಿರದಲ್ಲಿದೆ. 2004ರಲ್ಲಿ ಶುರುವಾಯಿತು. ಏಳೂವರೆ ಅಂದರೆ ಏಳೂವರೆ, ತಡವಾದರೆ ಒಳಗೆ ಬಿಡುವುದಿಲ್ಲ. ಸಿನಿಮಾ ನಟನ ನೆನಪಿಗೆ ಕಟ್ಟಿದ್ದು ಸಿನಿಮಾ ಮಂದಿರ ಅಲ್ಲ, ನಾಟಕದ ಮನೆ ಅನ್ನುವುದನ್ನು ಗಮನಿಸಿ. ಅವರ ಕೆಲಸದ ಬೇರು ಎಲ್ಲಿತ್ತು ಅಂತ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ.

(ಮೊದಲ ಪ್ರಶ್ನೆ ಒಬ್ಬ ಹಿರಿಯರದು. ಸ್ವಲ್ಪ ಸಿಟ್ಟಲ್ಲೇ ಇದ್ದರು. ‘ಆಟೋ ರಾಜ’ ಬಗ್ಗೆ ಒಂದು ಮಾತೂ ಆಡಲಿಲ್ಲವಲ್ಲ ಅಂದರು.)

ಸರ್, ಕ್ಷಮಿಸಿ. ಅದು ಅವರು ನಟಿಸಿದ ಚಿತ್ರ, ನಿರ್ದೇಶಿಸಿದ್ದಲ್ಲ ಅಂತ ಬಿಟ್ಟೆ. ಆದರೆ ನೀವು ಕೇಳಿದ್ದು ಸರಿಯಾಗಿದೆ. ನಾಟಕ ತಂಡ, ಸ್ಟುಡಿಯೋ, ಸ್ವಂತ ಚಿತ್ರ, ಇವಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? ನನ್ನ ಊಹೆ ಏನೆಂದರೆ, ಆ ಎಂಬತ್ತು ಚಿತ್ರಗಳ ಸಂಭಾವನೆಯೇ ಈ ಏಳೆಂಟು ಕೆಲಸಗಳನ್ನು ಸಾಕಿತು. ಆಟೊ ಹಿಂದಿನ ಚಿತ್ರಕ್ಕೆ ನಾನೂ ಕೈ ಮುಗಿಯುತ್ತೇನೆ.

(ಎರಡನೆಯದು ಕಾಲೇಜು ಹುಡುಗಿಯೊಬ್ಬಳದು. ‘ಆಂಟಿ, ನಾನು ಒಂದೂ ನೋಡಿಲ್ಲ. ಎಲ್ಲಿಂದ ಶುರುಮಾಡಲಿ?’)

‘ಆಕ್ಸಿಡೆಂಟ್’ನಿಂದ ಶುರುಮಾಡಮ್ಮಾ. ಆಮೇಲೆ ‘ಮಿಂಚಿನ ಓಟ’. ನಾನು ನೋಡಿದ ಪ್ರತಿಯಲ್ಲಿ ಬಣ್ಣ ಮಾಸಿತ್ತು, ಶಬ್ದ ಅಲ್ಲಲ್ಲಿ ಗೊರಗೊರ ಅನ್ನುತ್ತಿತ್ತು. ಹಾಗಿದ್ದರೂ ನೋಡು. ಮಾಲ್ಗುಡಿ ಕೊನೆಗಿಟ್ಟುಕೋ. ದಿನಕ್ಕೆ ಒಂದೇ ಕಂತು, ಒಟ್ಟಿಗೆ ಹತ್ತು ನೋಡಬೇಡ. ಮತ್ತೆ ಶುರುವಿನಲ್ಲಿ, ಕೊನೆಯಲ್ಲಿ ಹೆಸರು ಬರುತ್ತದಲ್ಲ, ಅದನ್ನು ಓಡಿಸಬೇಡ. ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗು. ಮೂರ್ನಾಲ್ಕು ಕಂತು ಆಗುವ ಹೊತ್ತಿಗೆ ಅದೇ ಹೆಸರುಗಳು ತಿರುತಿರುಗಿ ಬರಲು ಶುರುವಾಗುತ್ತವೆ. ಮುಂದಿನ ತಿಂಗಳು ಬರುವಾಗ ಆ ಹಾಳೆ ತಗೊಂಡು ಬಾ.

(ಅವಳು ಪಕ್ಕದವರ ಹತ್ತಿರ ಪೆನ್ನು ಕೇಳಿದಳು. ಅಷ್ಟರಲ್ಲಿ ಟೀ ಬಂತು. ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ‘ತಾನನ ತಾನನಾನ’ ಶುರುಮಾಡಿಯೇ ಬಿಟ್ಟರು.)